ಕೊಲೆಗಾರನನ್ನು ಬಿಡಿ, ಟೇಬಲ್ ಮೇಲಿನ ಫೈಲು ನೋಡಿ: ‘ಫೋರ್ ಲೈವ್ಸ್’ ನೋಡುವ ಬಗೆ

‘ಫೋರ್ ಲೈವ್ಸ್’ ಅನ್ನುವ ಬಿಬಿಸಿ ಸರಣಿ ಹಾಕಿಕೊಂಡು, ಕೊಲೆಗಾರ ಯಾರಿರಬಹುದು ಅಂತ ಕಾಯುತ್ತಾ ಕೂತರೆ ನಿಮಗೆ ಬೇಜಾರಾಗುತ್ತದೆ. ಅವನು ಯಾರು ಅನ್ನುವುದು ಗುಟ್ಟೇ ಅಲ್ಲ. ಪೊಲೀಸರ ಎದುರಿಗೂ ಮೊದಲ ಸಾವಿನ ಹೊತ್ತಿಗೇ ಬಂದು ಕೂತಿದ್ದವನು ಅವನು. ಎದುರಿಗೆ ಕೂತವನನ್ನು ಬಿಟ್ಟು ಕಳಿಸಿದ್ದು ಹೇಗೆ, ಅದಾದ ಮೇಲೆ ಇನ್ನೂ ಮೂವರು ಹುಡುಗರು ಸತ್ತದ್ದು ಹೇಗೆ, ಇದೇ ಕಥೆ. ಇದನ್ನು ಮಾಮೂಲಿ ಕ್ರೈಮ್ ಸೀರಿಯಲ್ ನೋಡಿದ ಹಾಗೆ ನೋಡಿದರೆ ಅರ್ಧ ಕೈತಪ್ಪಿ ಹೋಗುತ್ತದೆ.

ನಾನು ತುಮಕೂರು ಜಿಲ್ಲೆಯಲ್ಲಿ ಕೆಲಸ ಮಾಡಿ ಎಎಸ್ಐ ಆಗಿ ರಿಟೈರ್ ಆದವನು. ಸರ್ವೀಸಿನ ಬಹುಪಾಲು ಕಳೆದದ್ದು ಸ್ಟೇಷನ್ ರೈಟರ್, ಅಂದರೆ ಠಾಣೆಯ ಕಾಗದಪತ್ರ ಬರೆಯುವವನ ಕುರ್ಚಿಯಲ್ಲಿ. ಸಿನಿಮಾದ ಪೊಲೀಸ್ ಓಡುತ್ತಾನೆ, ಹೊಡೆಯುತ್ತಾನೆ. ನಿಜವಾದ ಠಾಣೆಯಲ್ಲಿ ಕೇಸು ಉಳಿಯುವುದೂ ಸಾಯುವುದೂ ಕಾಗದದ ಮೇಲೆ. ಹಾಗಾಗಿ ನನ್ನ ಕಣ್ಣು ಹೋಗುವುದೂ ಅಲ್ಲಿಗೇ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿ ಮಗಳು ‘ಮಾವ, ಇದು ನೀವು ನೋಡಲೇಬೇಕು’ ಅಂತ ಹೇಳಿ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಹಾಕಿಕೊಟ್ಟಳು. ಆಮೇಲೆ ಗೆಳೆಯರನ್ನು ಕರೆದು ತೋರಿಸಿದೆ. ಇಲ್ಲಿ ಬರೆಯುವುದು ಆ ಅನುಭವದ ಮೇಲೆ.

ಮೊದಲು ಒಂದಿಷ್ಟು ಹಿನ್ನೆಲೆ. ಇದು ಬಿಬಿಸಿಯವರದು. ಮೂರು ಕಂತು, 2022ರ ಜನವರಿಯಲ್ಲಿ ಬಂತು. ಲಂಡನ್ನಿನ ಪೂರ್ವ ಭಾಗದ ಬಾರ್ಕಿಂಗ್ ಅನ್ನುವ ಕಡೆ ನಿಜವಾಗಿ ನಡೆದದ್ದು. ಸ್ಟೀಫನ್ ಪೋರ್ಟ್ ಅನ್ನುವವನು ಸಲಿಂಗಿ ಗಂಡಸರು ಬಳಸುವ ಆ್ಯಪುಗಳಲ್ಲಿ ಯುವಕರ ಪರಿಚಯ ಮಾಡಿಕೊಂಡು, ಮನೆಗೆ ಕರೆಸಿ, ಜಿಎಚ್‌ಬಿ ಅನ್ನುವ ಮಾದಕ ದ್ರವ ಕೊಟ್ಟು ನಾಲ್ವರನ್ನು ಕೊಂದ. ಆ ಪಾತ್ರ ಸ್ಟೀಫನ್ ಮರ್ಚೆಂಟ್ ಮಾಡಿದ್ದಾರೆ. ನಗಿಸುವ ನಟ ಅಂತಲೇ ಹೆಸರಾದವರು, ಇಲ್ಲಿ ನಗು ಬರುವುದಿಲ್ಲ. ಮೊದಲು ಸತ್ತ ಹುಡುಗನ ತಾಯಿ ಸಾರಾ ಸ್ಯಾಕ್ ಪಾತ್ರ ಶೆರಿಡನ್ ಸ್ಮಿತ್ ಅವರದು. ಕಥೆ ಈ ತಾಯಿ, ಆಮೇಲೆ ಬರುವ ಅಕ್ಕತಂಗಿಯರು, ಗೆಳೆಯರು, ಇವರ ಪಕ್ಕ ನಿಂತು ನಡೆಯುತ್ತದೆ.

ಹಾಕುವ ಮುಂಚೆ ಒಂದು ಹಾಳೆ

ಒಂದು ಬಿಳಿ ಹಾಳೆ ತೊಗೊಳ್ಳಿ. ನಾಲ್ಕು ಹೆಸರು ಬರೆಯಿರಿ. ಇಂಗ್ಲಿಷ್ ಹೆಸರುಗಳು ನಮ್ಮವರಿಗೆ ಬೇಗ ಕಲಸಿಹೋಗುತ್ತವೆ. ಆ್ಯಂಟನಿ ಯಾರು, ಗೇಬ್ರಿಯಲ್ ಯಾರು ಅಂತ ಎರಡನೇ ಕಂತಿನಲ್ಲಿ ಕೇಳುತ್ತಾ ಕೂರುವ ಹಾಗಾಗಬಾರದು.

2014ರ ಜೂನ್ 19: ಆ್ಯಂಟನಿ ವಾಲ್ಗೇಟ್, 23 ವರ್ಷ, ಹಲ್ ಊರಿನವನು, ಫ್ಯಾಷನ್ ಓದುತ್ತಿದ್ದ. ಹೆಣ ಸಿಕ್ಕಿದ್ದು ಪೋರ್ಟ್ ಇದ್ದ ಕಟ್ಟಡದ ಬಾಗಿಲ ಹೊರಗೆ. 2014ರ ಆಗಸ್ಟ್ 28: ಗೇಬ್ರಿಯಲ್ ಕೊವಾರಿ, 22, ಸ್ಲೊವಾಕಿಯಾದಿಂದ ಬಂದವನು. ಹೆಣ ಸೇಂಟ್ ಮಾರ್ಗರೆಟ್ ಚರ್ಚಿನ ಸಮಾಧಿ ಜಾಗದಲ್ಲಿ. 2014ರ ಸೆಪ್ಟೆಂಬರ್ 20: ಡೇನಿಯಲ್ ವಿಟ್ವರ್ತ್, 21, ಅಡುಗೆ ಕೆಲಸದವನು. ಅದೇ ಸಮಾಧಿ ಜಾಗ. ನೋಡಿದ್ದೂ ಅದೇ ಹೆಂಗಸು, ನಾಯಿ ಕರೆದುಕೊಂಡು ವಾಕಿಂಗ್ ಬರುವವರು. 2015ರ ಸೆಪ್ಟೆಂಬರ್ 14: ಜ್ಯಾಕ್ ಟೇಲರ್, 25, ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಅದೇ ಚರ್ಚಿನ ಗೋಡೆಯ ಹತ್ತಿರ.

ಇಷ್ಟು ಬರೆದು ಹಾಳೆಯನ್ನು ದೂರ ಹಿಡಿದು ನೋಡಿ. ಎಲ್ಲರೂ ಇಪ್ಪತ್ತರ ಆಸುಪಾಸು. ಎಲ್ಲ ಹೆಣಗಳೂ ಒರಗಿಸಿ ಕೂರಿಸಿದ ಹಾಗೆ. ಎಲ್ಲವೂ ಒಬ್ಬನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಇದನ್ನು ಕಾಣಲು ಪತ್ತೇದಾರ ಬೇಕಾ? ಹೊಸದಾಗಿ ಸೇರಿದ ಕಾನ್‌ಸ್ಟೇಬಲ್ ಸಾಕು. ಆದರೂ ನಾಲ್ಕನ್ನೂ ಬೇರೆ ಬೇರೆ ಸಾವು, ಅನುಮಾನ ಪಡುವಂಥದ್ದೇನೂ ಇಲ್ಲ ಅಂತ ಇಟ್ಟುಬಿಟ್ಟರು. ಪ್ರತಿ ಹೆಸರಿನ ಕೆಳಗೆ ಒಂದೆರಡು ಇಂಚು ಖಾಲಿ ಬಿಡಿ. ನೋಡುತ್ತಾ ಹೋದ ಹಾಗೆ, ಪೊಲೀಸರಿಗೆ ಆ ದಿನ ಏನು ಗೊತ್ತಿತ್ತು ಅನ್ನುವುದನ್ನು ಅಲ್ಲಿ ಬರೆಯಿರಿ. ಆಮೇಲೆ ಗೊತ್ತಾದದ್ದಲ್ಲ, ಆ ದಿನ ಗೊತ್ತಿದ್ದದ್ದು. ಈ ವ್ಯತ್ಯಾಸ ಕಾಪಾಡಿಕೊಂಡರೆ ಮಾತ್ರ ಪೊಲೀಸರಿಗೂ ಅನ್ಯಾಯ ಆಗುವುದಿಲ್ಲ.

ಆ್ಯಂಟನಿ ಹೆಸರಿನ ಕೆಳಗೆ ನಾನು ಬರೆದದ್ದು ಹೀಗಿದೆ. ಆಂಬುಲೆನ್ಸಿಗೆ ಫೋನ್ ಮಾಡಿದವನು ಪೋರ್ಟ್. ದಾರಿಯಲ್ಲಿ ಹೋಗುತ್ತಿದ್ದವನ ಹಾಗೆ ಮಾತಾಡಿದ. ಆಮೇಲೆ ಹೇಳಿಕೆ ಬದಲಾಯಿಸಿದ. ಆ್ಯಂಟನಿ ಯಾರ ಮನೆಗೆ ಹೋಗುತ್ತಿದ್ದಾನೆ ಅಂತ ಅವನ ಸ್ನೇಹಿತರಿಗೆ ಗೊತ್ತಿತ್ತು, ಅವರು ಪೊಲೀಸರಿಗೆ ಹೇಳಿದರು. ಪೋರ್ಟ್‌ನ ಲ್ಯಾಪ್‌ಟಾಪ್ ಪೊಲೀಸರ ಕೈಯಲ್ಲೇ ಇತ್ತು. ಅದನ್ನು ತೆರೆದು ಪರೀಕ್ಷೆ ಮಾಡಲು ತಿಂಗಳುಗಟ್ಟಲೆ ತೊಗೊಂಡರು. ಕೊಲೆ ತನಿಖೆಗೆಂದೇ ಇರುವ ವಿಶೇಷ ತಂಡ ಕೇಸನ್ನು ವಹಿಸಿಕೊಳ್ಳಲಿಲ್ಲ, ಸ್ಥಳೀಯ ಠಾಣೆಯವರ ಹತ್ತಿರವೇ ಉಳಿಯಿತು.

ಈಗ ಬೆನ್ನು ನೆಟ್ಟಗೆ ಮಾಡಿ ಕೂರಬೇಕಾದ ಮಾತು. 2015ರ ಮಾರ್ಚಿನಲ್ಲಿ ಪೋರ್ಟ್‌ಗೆ ಎಂಟು ತಿಂಗಳ ಜೈಲು ಆಯಿತು. ಯಾಕೆ? ಆ್ಯಂಟನಿಯ ಸಾವಿನ ಬಗ್ಗೆ ಪೊಲೀಸರಿಗೆ ಸುಳ್ಳು ಹೇಳಿ ನ್ಯಾಯದ ದಾರಿ ತಪ್ಪಿಸಿದ್ದಕ್ಕೆ. ಒಂದು ಸಾವಿನ ಬಗ್ಗೆ ಸುಳ್ಳು ಹೇಳಿದ ಅಂತ ಜೈಲಿಗೆ ಹಾಕಿದರು, ಯಾಕೆ ಸುಳ್ಳು ಹೇಳಿದ ಅಂತ ಮಾತ್ರ ಬೆನ್ನು ಹತ್ತಲಿಲ್ಲ. ಅವನು ಹೊರಗೆ ಬಂದ. ಸೆಪ್ಟೆಂಬರಿನಲ್ಲಿ ಜ್ಯಾಕ್ ಸತ್ತ. ಈ ಜಾಗದಲ್ಲಿ ಸರಣಿ ನಿಲ್ಲಿಸಿ, ಎದ್ದು ನೀರು ಕುಡಿದು ಬನ್ನಿ. ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಹೋದರು.

ಚೀಟಿ ಬಂದಾಗ

ಡೇನಿಯಲ್‌ನ ಹೆಣದ ಜೊತೆ ಒಂದು ಚೀಟಿ ಇತ್ತು. ಗೇಬ್ರಿಯಲ್ ನನ್ನಿಂದಲೇ ಸತ್ತ, ಅದನ್ನು ತಾಳಲಾರದೆ ನಾನೂ ಹೋಗುತ್ತಿದ್ದೇನೆ ಅನ್ನುವ ಧಾಟಿಯ ಚೀಟಿ. ರಾತ್ರಿ ನನ್ನ ಜೊತೆಗಿದ್ದವನನ್ನು ದೂಷಿಸಬೇಡಿ ಅನ್ನುವ ಮಾತೂ ಅದರಲ್ಲಿತ್ತು. ಬರೆದವನು ಪೋರ್ಟ್. ಇಡೀ ಸರಣಿಯಲ್ಲಿ ನಿಧಾನವಾಗಿ ನೋಡಬೇಕಾದದ್ದು ಈ ಭಾಗ.

ಡೆತ್‌ನೋಟ್ ಸಿಕ್ಕರೆ ರೈಟರ್ ಆದವನು ಏನು ಮಾಡುತ್ತಾನೆ ಅಂತ ಹೇಳುತ್ತೇನೆ. ಮೃತನ ಬೇರೆ ಬರವಣಿಗೆ ತರಿಸುತ್ತಾನೆ. ನೋಟ್‌ಬುಕ್ಕು, ಬ್ಯಾಂಕಿನ ಅರ್ಜಿ, ಯಾವುದಾದರೂ ಸರಿ. ಎರಡನ್ನೂ ಸೇರಿಸಿ ಕೈಬರಹ ತಜ್ಞರಿಗೆ ಕಳಿಸುತ್ತಾನೆ. ನಮ್ಮ ಕಡೆ ಅದು ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಎಫ್‌ಎಸ್‌ಎಲ್‌ಗೆ ಹೋಗುತ್ತದೆ. ಚೀಟಿಯಲ್ಲಿ ಯಾರ ಹೆಸರು, ಯಾರ ಸುಳಿವು ಇದೆಯೋ ಅವರನ್ನೆಲ್ಲ ಕರೆಸಿ ಹೇಳಿಕೆ ತೊಗೊಳ್ಳುತ್ತಾನೆ. ಹೆಣಕ್ಕೆ ಸುತ್ತಿದ ಬಟ್ಟೆಯನ್ನು ಮಹಜರಿನಲ್ಲಿ ತೋರಿಸಿ, ಸೀಲ್ ಮಾಡಿ, ಪರೀಕ್ಷೆಗೆ ಬರೆಯುತ್ತಾನೆ. ಇದು ಬುದ್ಧಿವಂತಿಕೆಯ ಕೆಲಸ ಅಲ್ಲ, ಅಭ್ಯಾಸದ ಕೆಲಸ.

ಬಾರ್ಕಿಂಗ್‌ನಲ್ಲಿ ಏನಾಯಿತು? ರಾತ್ರಿ ಜೊತೆಗಿದ್ದವನು ಯಾರು ಅಂತ ಹುಡುಕಲಿಲ್ಲ. ಡೇನಿಯಲ್‌ನ ಅಡಿಯಲ್ಲಿದ್ದ ಬೆಡ್‌ಶೀಟನ್ನು ಆಗ ಡಿಎನ್ಎ ಪರೀಕ್ಷೆಗೆ ಕಳಿಸಲಿಲ್ಲ. ಆಮೇಲೆ ಕಳಿಸಿದಾಗ ಅದರಲ್ಲಿ ಪೋರ್ಟ್‌ನ ಡಿಎನ್ಎ ಇತ್ತು. ಚೀಟಿಯನ್ನು ನಂಬಿದರು, ಎರಡು ಸಾವುಗಳಿಗೂ ಉತ್ತರ ಸಿಕ್ಕಿತು ಅಂದುಕೊಂಡರು. ಫೈಲು ತಾನಾಗಿ ಮುಚ್ಚಿಕೊಳ್ಳುವ ಅವಕಾಶ ಬಂದರೆ ಠಾಣೆಯಲ್ಲಿ ಎಷ್ಟು ಸಮಾಧಾನ ಆಗುತ್ತದೆ ಅಂತ ನನಗೆ ಗೊತ್ತು. ಬೆಳಗ್ಗೆ ಬಂದೋಬಸ್ತು, ಮಧ್ಯಾಹ್ನ ಕೋರ್ಟು, ರಾತ್ರಿ ಬೀಟು. ಆದರೆ ಸುಸ್ತಾದವನೂ ಕೆಲವು ಫೈಲುಗಳನ್ನು ಮುಚ್ಚಲು ಹೆದರುತ್ತಾನೆ, ಕೆಲವನ್ನು ಹೆದರದೆ ಮುಚ್ಚುತ್ತಾನೆ. ಯಾವುದನ್ನು ಹೆದರದೆ ಮುಚ್ಚುತ್ತಾನೆ ಅನ್ನುವುದರ ಮೇಲೆ ಕಣ್ಣಿಡಿ.

ಬೈಗುಳ ಹುಡುಕಬೇಡಿ

ಸಲಿಂಗಿಗಳ ಮೇಲಿನ ಪೊಲೀಸರ ತಾತ್ಸಾರ ಅಂದ ಕೂಡಲೇ ನಮ್ಮ ಜನ ಬೈಗುಳ ಕೇಳಿಸುತ್ತಾ ಅಂತ ಕಿವಿ ಕೊಡುತ್ತಾರೆ. ನನ್ನ ಗೆಳೆಯರೊಬ್ಬರು, ಅವರೂ ಇಲಾಖೆಯವರೇ, ಎರಡನೇ ಕಂತು ಮುಗಿದಾಗ ‘ಯಾರೂ ಏನೂ ಕೆಟ್ಟದಾಗಿ ಅನ್ನಲಿಲ್ವಲ್ಲ ಸಾರ್’ ಅಂದರು. ಸರಿಯಾದ ಮಾತೇ. ತಾತ್ಸಾರ ಬಾಯಲ್ಲಿ ಇರುವುದಕ್ಕಿಂತ ಜಾಸ್ತಿ, ಕೇಳದೇ ಬಿಟ್ಟ ಪ್ರಶ್ನೆಯಲ್ಲಿ ಇರುತ್ತದೆ. ಇಂಥ ಹುಡುಗರು ಡ್ರಗ್ಸ್ ತೊಗೊಳ್ಳುತ್ತಾರೆ, ರಾತ್ರಿ ಗೊತ್ತಿಲ್ಲದವರ ಮನೆಗೆ ಹೋಗುತ್ತಾರೆ, ಸಾಯುತ್ತಾರೆ ಅಂತ ಮೊದಲೇ ತಲೆಯಲ್ಲಿ ಕೂತಿದ್ದರೆ, ಹೆಣ ನೋಡಿದಾಗ ಆಶ್ಚರ್ಯ ಆಗುವುದೇ ಇಲ್ಲ. ತನಿಖೆ ಶುರುವಾಗುವುದು ಆಶ್ಚರ್ಯದಿಂದ.

ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪೊಲೀಸ್ ಅಧಿಕಾರಿ ಬರುವ ಪ್ರತಿ ದೃಶ್ಯದಲ್ಲೂ ಸತ್ತವರನ್ನು ಬದಲಾಯಿಸಿ ನೋಡಿ. ಸತ್ತದ್ದು ಸಿದ್ಧಗಂಗಾ ಮಠದ ದಾರಿಯಲ್ಲಿ ನಾಲ್ಕು ಜನ ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳು, ಒಂದೇ ಗೋಡೆಯ ಪಕ್ಕ, ಒಂದೇ ರೀತಿ ಒರಗಿ ಕೂತ ಹಾಗೆ ಅಂತ ಇಟ್ಟುಕೊಳ್ಳಿ. ಎರಡನೇ ಹೆಣಕ್ಕೇ ಐಜಿ ಸಾಹೇಬರು ಬೆಂಗಳೂರಿನಿಂದ ಬರುತ್ತಿದ್ದರು. ಬಿ.ಎಚ್. ರೋಡ್ ಬಂದ್ ಆಗುತ್ತಿತ್ತು. ಆ ಎರಡು ಚಿತ್ರಗಳ ನಡುವೆ ಇರುವ ಅಂತರವನ್ನೇ ನೀವು ಈ ಸರಣಿಯಲ್ಲಿ ನೋಡುತ್ತಿರುವುದು.

ಒಂದು ವಿಷಯ ತಿಳಿದಿರಲಿ, ಇಲ್ಲದಿದ್ದರೆ ಕೊನೆಯಲ್ಲಿ ಬರುವ ಬರಹಗಳು ಅರ್ಧ ಮಾತ್ರ ಅರ್ಥವಾಗುತ್ತವೆ. ಪೋರ್ಟ್‌ಗೆ 2016ರ ನವೆಂಬರಿನಲ್ಲಿ ಸಾಯುವ ತನಕ ಜೈಲು ಅಂತ ಶಿಕ್ಷೆ ಆಯಿತು. ಆದರೆ ಪೊಲೀಸರ ಲೋಪದ ವಿಚಾರಣೆ ಮುಗಿದದ್ದು 2021ರ ಡಿಸೆಂಬರಿನಲ್ಲಿ. ಅದಕ್ಕೇ ಈ ಸರಣಿಯನ್ನೂ ತಡೆದು ಇಟ್ಟುಕೊಂಡಿದ್ದರು. ಕೊನೆಯ ಮೂರು ಸಾವುಗಳಿಗೆ ಪೊಲೀಸರ ತಪ್ಪುಗಳೂ ಬಹುಶಃ ಕಾರಣ ಅಂತ ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಹೇಳಿತು. ತಾತ್ಸಾರ ಕಾರಣವೇ ಅಂತ ಹೇಳಲು ಮಾತ್ರ ಜ್ಯೂರಿಗೆ ಅವಕಾಶ ಕೊಡಲಿಲ್ಲ, ಕಾನೂನಿನ ಕಾರಣ ಹೇಳಿದರು. ಮನೆಯವರು ಕೇಳುತ್ತಾ ಬಂದದ್ದು ಅದನ್ನೇ. 2023ರ ಮಾರ್ಚಿನಲ್ಲಿ ಲೂಯಿಸ್ ಕೇಸಿ ಅವರು ಲಂಡನ್ ಪೊಲೀಸ್ ಬಗ್ಗೆ ಕೊಟ್ಟ ವರದಿಯಲ್ಲಿ, ಆ ಇಲಾಖೆಯಲ್ಲಿ ಸಲಿಂಗಿಗಳ ಬಗೆಗಿನ ದ್ವೇಷ ಸಂಸ್ಥೆಯೊಳಗೇ ಬೇರೂರಿದೆ ಅಂತ ಬರೆದರು. ಸರಣಿ ಅದಕ್ಕೂ ಮುಂಚಿನದು. ಹಾಗಾಗಿ ಅದು ತೀರ್ಪು ಕೊಡುವುದಿಲ್ಲ. ಅಧಿಕಾರಿಗಳನ್ನು ರಾಕ್ಷಸರ ಹಾಗೂ ತೋರಿಸುವುದಿಲ್ಲ. ಇದು ಕೆಲವರಿಗೆ ಸಪ್ಪೆ ಅನ್ನಿಸಿತು. ನನಗೆ ಇದೇ ಸರಿ ಅನ್ನಿಸಿತು. ನಾನು ನೋಡಿದ ಅನ್ಯಾಯಗಳಲ್ಲಿ ಬಹಳಷ್ಟನ್ನು ಮಾಡಿದವರು ಸಂಜೆ ಮಕ್ಕಳಿಗೆ ಬಿಸ್ಕೆಟ್ ತೊಗೊಂಡು ಮನೆಗೆ ಹೋಗುವ ಜನ.

ಸಂಬಂಧ ಅನ್ನುವ ಕಾಲಂ

ನೋಡುವಾಗ ಪೊಲೀಸರ ಎದುರು ಯಾರು ಕೂತಿದ್ದಾರೆ, ಅವರು ಸತ್ತವನಿಗೆ ಏನಾಗಬೇಕು ಅಂತ ಗಮನಿಸಿ. ತಾಯಿ ಬಂದಾಗ ಒಂದು ಮಾತು, ಸ್ನೇಹಿತ ಬಂದಾಗ ಇನ್ನೊಂದು. ಗೇಬ್ರಿಯಲ್‌ಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಸ್ನೇಹಿತನೊಬ್ಬ ಈ ಸಾವುಗಳಿಗೆ ನಂಟಿದೆ ಅಂತ ಮುಂಚೆಯೇ ಅನುಮಾನ ಪಟ್ಟ, ಹೇಳಿಯೂ ಹೇಳಿದ. ಕೇಳಿಸಿಕೊಂಡವರಿಲ್ಲ. ಕೊನೆಗೆ ಬೀಗ ತೆಗೆದದ್ದು ಜ್ಯಾಕ್‌ನ ಅಕ್ಕತಂಗಿಯರು. ನಮ್ಮ ಹುಡುಗ ಹಾಗೆ ಸಾಯುವವನಲ್ಲ ಅಂತ ಹಟ ಹಿಡಿದು, ಸಿಸಿಟಿವಿ ತೋರಿಸಿ ಅಂತ ಬೆನ್ನು ಬಿದ್ದರು. ಬಾರ್ಕಿಂಗ್ ರೈಲ್ವೆ ಸ್ಟೇಷನ್ ಹತ್ತಿರ ಜ್ಯಾಕ್ ಜೊತೆ ನಡೆದು ಹೋಗುತ್ತಿದ್ದ ಎತ್ತರದ ಮನುಷ್ಯನ ಚಿತ್ರ ಹೊರಗೆ ಬಂತು. ಒಬ್ಬ ಪೊಲೀಸನೇ ಗುರುತಿಸಿದ, ಇದು ಪೋರ್ಟ್ ಅಂತ. 2015ರ ಅಕ್ಟೋಬರಿನಲ್ಲಿ ಹಿಡಿದರು.

ನಮ್ಮ ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ಕೇಸುಗಳಲ್ಲೂ ಈ ಪ್ರಶ್ನೆ ಇದೆ. ಮೃತನಿಗೂ ದೂರು ಕೊಟ್ಟವನಿಗೂ ಏನು ಸಂಬಂಧ? ನಾನಿದ್ದ ಒಂದು ಠಾಣೆಗೆ ಕೆರೆಯಲ್ಲಿ ಸಿಕ್ಕ ಒಬ್ಬ ಯುವಕನ ರೂಮ್‌ಮೇಟ್ ಬಂದಿದ್ದ. ಹಿಂದಿನ ರಾತ್ರಿ ಫೋನ್ ಮಾಡಿದವನ ನಂಬರ್ ಅವನ ಹತ್ತಿರ ಇತ್ತು. ‘ನೀನು ಅವನಿಗೆ ಏನಾಗಬೇಕು?’ ಅಂತ ಸಾಹೇಬರು ಕೇಳಿದರು. ‘ಜೊತೆಗಿರ್ತಿದ್ವಿ ಸಾರ್’ ಅಂದ. ಬೆಂಚಿನ ಮೇಲಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ಅಷ್ಟರಲ್ಲಿ ಊರಿನಿಂದ ಅಣ್ಣ ಬಂದ. ಮಾನ ಹೋಗುತ್ತದೆ ಅಂತ ಅವನಿಗೆ ಭಯ. ‘ಜೀವನದಲ್ಲಿ ಜುಗುಪ್ಸೆಗೊಂಡು’ ಅಂತ ಬರೆಸಿ, ‘ಮರಣದಲ್ಲಿ ಯಾವುದೇ ಅನುಮಾನವಿರುವುದಿಲ್ಲ’ ಅನ್ನುವ ಸಾಲಿನ ಕೆಳಗೆ ಸಹಿ ಹಾಕಿದ. ಆ ನಂಬರು ಯಾರದ್ದು ಅಂತ ಯಾರೂ ನೋಡಲಿಲ್ಲ. ಅದು ಕೊಲೆ ಅಂತ ನಾನು ಹೇಳುತ್ತಿಲ್ಲ. ಇದಾದದ್ದು 2018ರ ಸೆಪ್ಟೆಂಬರಿಗೆ, ಅಂದರೆ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನಿಂದ ಸುಪ್ರೀಂ ಕೋರ್ಟ್ ಇಂಥವರನ್ನು ಹೊರಗೆ ತರುವುದಕ್ಕೆ ಮುಂಚೆ. ಹೇಳಿಕೆ ಕೊಡಲು ಬಂದವನೇ ಆರೋಪಿ ಆಗಬಹುದಾಗಿದ್ದ ಕಾಲ.

‘ಅದು ಲಂಡನ್, ಇಲ್ಲಿ ಹಾಗಾಗುವುದಿಲ್ಲ’ ಅಂತ ಯಾರಾದರೂ ಅಂದರೆ ಸಯನೈಡ್ ಮೋಹನನ ಹೆಸರು ಹೇಳಿ. ಅವನು ಕೊಂದದ್ದು ಹೆಣ್ಣುಮಕ್ಕಳನ್ನು, ಹೆಚ್ಚಿನವರು ಮದುವೆಗೆ ದುಡ್ಡಿಲ್ಲದ ಬಡವರ ಮನೆಯವರು. ಮದುವೆಯಾಗುತ್ತೇನೆ ಅಂತ ನಂಬಿಸಿ ದೂರದ ಊರಿಗೆ ಕರೆದುಕೊಂಡು ಹೋಗಿ, ಗರ್ಭ ನಿಲ್ಲದಿರಲು ಮಾತ್ರೆ ಅಂತ ಸಯನೈಡ್ ಕೊಟ್ಟ. ಬಸ್‌ ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಹೆಣ ಸಿಗುತ್ತಾ ಹೋದವು. ಒಂದೊಂದು ಊರಿನಲ್ಲಿ ಒಂದೊಂದು ಯುಡಿಆರ್. ಓಡಿ ಹೋಗಿರಬೇಕು ಅಂತ ಮನೆಯವರೂ ನಂಬಿದ್ದರು, ಪೊಲೀಸರೂ ನಂಬಿದ್ದರು. 2009ರಲ್ಲಿ ಬಂಟ್ವಾಳದ ಕಡೆಯ ಒಬ್ಬಳು ಕಾಣೆಯಾಗಿ, ಊರಿನವರು ಠಾಣೆ ಮುಂದೆ ಗಲಾಟೆ ಮಾಡಿದ ಮೇಲೆ ಅವನು ಸಿಕ್ಕಿದ. ಬಾರ್ಕಿಂಗ್‌ನ ಹುಡುಗರೂ ಈ ಹೆಣ್ಣುಮಕ್ಕಳೂ ಒಂದೇ ಥರದವರಲ್ಲ. ಅವರ ಫೈಲುಗಳು ಮಾತ್ರ ಒಂದೇ ಥರ.

ಯಾರ ಜೊತೆ, ಹೇಗೆ

ಮೂರು ಕಂತನ್ನು ಒಂದೇ ರಾತ್ರಿ ನೋಡಬೇಡಿ. ದಿನಕ್ಕೊಂದು ಸಾಕು. ಸಬ್‌ಟೈಟಲ್ ಹಾಕಿಕೊಳ್ಳಿ, ಅವರ ಉಚ್ಚಾರಣೆ ಇಂಗ್ಲಿಷ್ ಮೀಡಿಯಂ ಓದಿದವರಿಗೂ ಕಷ್ಟ. ಇಂಗ್ಲಿಷ್ ಬಾರದವರು ಇದ್ದರೆ ಪ್ರತಿ ಮಾತಿಗೂ ಅರ್ಥ ಹೇಳಲು ಹೋಗಬೇಡಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನಡೆದದ್ದು ಹೇಳಿ. ನನ್ನ ಹೆಂಡತಿಗೆ ಹಾಗೆ ಹೇಳುತ್ತಾ ಬಂದೆ. ಸಾರಾ ಪದೇ ಪದೇ ಫೋನ್ ಮಾಡುವುದು, ಆ ಕಡೆಯಿಂದ ಸರಿಯಾಗಿ ಉತ್ತರ ಬರದಿರುವುದು, ಇದಕ್ಕೆ ಅರ್ಥ ಹೇಳುವ ಅಗತ್ಯವೇ ಬೀಳಲಿಲ್ಲ. ಚಿಕ್ಕ ಮಕ್ಕಳು ಬೇಡ.

ಇಲಾಖೆಯಲ್ಲಿ ಈಗ ಇರುವವರನ್ನು ಖಂಡಿತ ಕರೆಯಿರಿ. ಆದರೆ ಹತ್ತು ಜನರ ಮಧ್ಯೆ ಒಬ್ಬರನ್ನೇ ಕೂರಿಸಿಕೊಂಡು ‘ನೋಡಿ ನಿಮ್ಮ ಪೊಲೀಸು’ ಅಂದರೆ ಅವರು ವಾದಕ್ಕೆ ಇಳಿಯುತ್ತಾರೆ, ಅಲ್ವಾ? ನಾನು ‘ಈ ಜಾಗದಲ್ಲಿ ನೀವಿದ್ದರೆ ಮೊದಲು ಏನು ಬರೆಯುತ್ತಿದ್ದಿರಿ?’ ಅಂತ ಕೇಳುತ್ತೇನೆ. ಆಗ ಅವರೇ ಲೋಪಗಳನ್ನು ಎಣಿಸುತ್ತಾರೆ, ನನಗಿಂತ ಚೆನ್ನಾಗಿ. ಇನ್ನೊಂದು ಎಚ್ಚರ. ಆ ಕೋಣೆಯಲ್ಲಿ ತನ್ನ ಬಗ್ಗೆ ಮನೆಯಲ್ಲಿ ಹೇಳಿಕೊಳ್ಳದ ಒಬ್ಬ ಹುಡುಗನೋ ಹುಡುಗಿಯೋ ಇರಬಹುದು. ನೀವು ಮಾಡುವ ಜೋಕು ಅವರ ಕಿವಿಗೆ ಬೀಳುತ್ತದೆ. ‘ನೀನೇನಂತೀಯ?’ ಅಂತ ಯಾರನ್ನೂ ಎಳೆದು ಕೇಳಬೇಡಿ.

ಮೂರನೇ ಕಂತು ಮುಗಿದ ಮೇಲೆ ‘ನಮ್ಮ ಮನೆಯಲ್ಲಿ ಹೀಗಾದರೆ ಏನು ಮಾಡುವುದು’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಹೊತ್ತಿಗೆ ಉತ್ತರ ಗೊತ್ತಿರಲಿ. ಅನುಮಾನದ ಸಾವಿನ ತನಿಖೆ ಹಿಂದೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ 174ನೇ ಸೆಕ್ಷನ್ನಿನಲ್ಲಿ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 194 ಆಗಿದೆ. ಪೊಲೀಸರು ಆ ವರದಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಾದ ಡಿಸಿಗೆ ಇಲ್ಲವೇ ಉಪವಿಭಾಗಾಧಿಕಾರಿಗೆ (ಎಸಿಗೆ) ಕಳಿಸಬೇಕು. ನಮ್ಮ ಜಿಲ್ಲೆಯಲ್ಲಿ ಎಸಿ ಕಚೇರಿ ಇರುವುದು ತುಮಕೂರು, ತಿಪಟೂರು, ಮಧುಗಿರಿಯಲ್ಲಿ. ಅನುಮಾನ ಇದ್ದರೆ ಅಲ್ಲಿಗೂ ಬರೆದು ಕೊಡಬಹುದು. ‘ಅನುಮಾನವಿಲ್ಲ’ ಅನ್ನುವ ಸಾಲನ್ನು ಓದದೆ ಸಹಿ ಹಾಕಬೇಡಿ. ದುಃಖದಲ್ಲಿ ಇರುವಾಗ ಎಲ್ಲರೂ ಹಾಕುತ್ತಾರೆ, ಪಕ್ಕದಲ್ಲಿ ಓದಿ ಹೇಳುವವರು ಒಬ್ಬರು ಇರಬೇಕು. ಫೋನು, ಬಟ್ಟೆ, ಚೀಟಿ, ಇವನ್ನೆಲ್ಲ ಮಹಜರಿನಲ್ಲಿ ಸೇರಿಸಿದ್ದಾರಾ ಅಂತ ಕೇಳಿ. ವಿಸೆರಾ, ಅಂದರೆ ಹೆಣದ ಒಳ ಅಂಗಗಳ ಮಾದರಿ, ಪರೀಕ್ಷೆಗೆ ಕಳಿಸಿದ್ದಾರಾ, ಯಾವ ತಾರೀಕು ಅಂತ ಕೇಳಿ. ಎಫ್ಐಆರ್ ಮಾಡಲು ಒಪ್ಪದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಲು ಬಿಎನ್‌ಎಸ್‌ಎಸ್ 173ರಲ್ಲೇ ದಾರಿ ಇದೆ, ಅಲ್ಲೂ ಆಗದಿದ್ದರೆ ಕೋರ್ಟಿಗೆ ಅರ್ಜಿ. ಎಫ್ಐಆರ್ ಆಗಿದ್ದರೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು. ಬಾಯಲ್ಲಿ ಕೇಳಿದ್ದಕ್ಕೆ ಠಾಣೆಯಲ್ಲಿ ದಾಖಲೆ ಇರುವುದಿಲ್ಲ. ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದನ್ನು ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಕು ಹಾಕಿಸಿ, ಸೀಲ್ ಹೊಡೆಸಿಕೊಂಡೇ ಹೊರಗೆ ಬನ್ನಿ.